ಶಾಲೆ ಬಸ್ಸಿಗೆ ಮಗುವನ್ನು ಹತ್ತಿಸುವ ಮುನ್ನ ಅಪ್ಪ ಅಮ್ಮ ನೋಡಬೇಕಾದ್ದು

ಮೇ ತಿಂಗಳ ಕೊನೆ ಬಂತು ಅಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ‘ಈ ವರ್ಷ ಮಗಳನ್ನ ಸ್ಕೂಲ್ ಬಸ್ಸಿಗೆ ಹಾಕ್ತಿದೀವಿ, ಏನೇನು ನೋಡ್ಕೋಬೇಕು?’ ಅದರ ಬೆನ್ನಿಗೇ ಇನ್ನೊಂದು, ‘ಬಸ್ಸಲ್ಲಿ ಜಿಪಿಎಸ್ ಇದೆಯಂತೆ, ಕ್ಯಾಮೆರಾನೂ ಇದೆಯಂತೆ, ಸಾಕಲ್ವಾ?’

ಸಾಲದು. ಬಸ್ ಯಾವ ಸರ್ಕಲ್ ದಾಟಿತು ಅಂತ ಜಿಪಿಎಸ್ ಹೇಳುತ್ತದೆ. ನಿಮ್ಮ ಮಗು ಮುಂದಿನ ಚಕ್ರದ ಪಕ್ಕ ಬಗ್ಗಿ ನೀರಿನ ಬಾಟಲಿ ಎತ್ತಿಕೊಳ್ಳುತ್ತಿದೆ ಅಂತ ಹೇಳುವುದಿಲ್ಲ. ಸೀಟಲ್ಲಿ ನೆಟ್ಟಗೆ ಕೂತ ಮಗುವಿಗೆ ಅಪಾಯ ಕಡಿಮೆ. ಹತ್ತುವಾಗ, ಇಳಿಯುವಾಗ, ಇಳಿದು ರಸ್ತೆ ದಾಟುವಾಗ ಜಾಸ್ತಿ. ಇನ್ನು ಗಾಡಿಯನ್ನೇ ತುಂಬಿ ತುಳುಕಿಸಿದ್ದರೆ ಕೂತ ಮಗುವಿಗೂ ಗ್ಯಾರಂಟಿ ಇಲ್ಲ. ನಿಮಗೆ ಸಮಯ ಕಡಿಮೆ ಇದ್ದರೆ ಮೊದಲು 4ನೇ ಮತ್ತು 6ನೇ ಹಂತ ಓದಿಕೊಳ್ಳಿ, ಉಳಿದದ್ದು ಆಮೇಲೆ.

ಬೇಕಾಗುವುದು ಇಷ್ಟು: ಗಾಡಿಯ ನಂಬರ್, ಒಂದು ಸ್ಮಾರ್ಟ್‌ಫೋನ್, ಶಾಲೆಗೆ ಹೋಗಿ ಬರಲು ಅರ್ಧ ದಿನ, ಮತ್ತೆ ಸ್ವಲ್ಪ ಸಂಕೋಚ ಬಿಡುವುದು. ಪ್ರಶ್ನೆ ಕೇಳಿದರೆ ಶಾಲೆಯವರು ಏನಂದುಕೊಳ್ಳುತ್ತಾರೋ ಅಂತ ಸುಮ್ನೆ ಇರುವವರೇ ಹೆಚ್ಚು. ವರ್ಷಕ್ಕೆ ಸಾವಿರಾರು ರೂಪಾಯಿ ಬಸ್ ಫೀಸ್ ಕಟ್ಟುತ್ತೀರಿ, ಕೇಳಿ.

1. ಗಾಡಿ ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ

‘ಸ್ಕೂಲ್ ಬಸ್’ ಅಂತ ನಾವು ಕರೆಯುವುದರಲ್ಲಿ ಮೂರು ನಾಲ್ಕು ಥರ ಇದೆ. ಶಾಲೆಯೇ ಕೊಂಡು ಓಡಿಸುವ ಬಸ್, ಶಾಲೆ ಯಾರಿಗೋ ಕಾಂಟ್ರ್ಯಾಕ್ಟ್ ಕೊಟ್ಟು ತರಿಸುವ ಬಸ್, ಏರಿಯಾದ ಡ್ರೈವರ್ ಒಬ್ಬರು ತಾವೇ ಮಕ್ಕಳನ್ನು ಸೇರಿಸಿಕೊಂಡು ಓಡಿಸುವ ವ್ಯಾನ್ ಅಥವಾ ಆಟೊ, ಕೊನೆಗೆ ನಮ್ಮ ಕೆಂಪು ಬಸ್. ಇದನ್ನು ಮೊದಲೇ ಕೇಳುವುದಕ್ಕೆ ಕಾರಣ ಇದೆ. ಮೂರನೇ ಥರದ್ದಾದರೆ ಏನಾದರೂ ಎಡವಟ್ಟಾದಾಗ ‘ಅದಕ್ಕೂ ನಮಗೂ ಸಂಬಂಧ ಇಲ್ಲ, ಅದು ನೀವು ಮಾಡಿಕೊಂಡ ವ್ಯವಸ್ಥೆ’ ಅಂತ ಶಾಲೆ ಕೈ ತೊಳೆದುಕೊಳ್ಳಬಹುದು. ವ್ಯಾನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಬಡಾವಣೆಗಳಿಗೆ ಶಾಲೆ ಬಸ್ ಬರುವುದೇ ಇಲ್ಲ. ಆದರೆ ಆಗ ಮುಂದಿನ ಹಂತಗಳನ್ನೆಲ್ಲ ನೀವೇ ಮಾಡಬೇಕು, ನಿಮ್ಮ ಪರವಾಗಿ ಇನ್ನೊಬ್ಬರು ನೋಡಿರುವುದಿಲ್ಲ.

2. ನಂಬರ್ ಪ್ಲೇಟ್ ನೋಡಿ, ಆಮೇಲೆ ಫೋನಿನಲ್ಲಿ ದಾಖಲೆ ನೋಡಿ

ಬಾಡಿಗೆಗೆ ಓಡುವ ಗಾಡಿಗೆ ಹಳದಿ ಪ್ಲೇಟ್, ಕಪ್ಪು ಅಕ್ಷರ ಇರಬೇಕು. ಎಲೆಕ್ಟ್ರಿಕ್ ಗಾಡಿಯಾದರೆ ಹಸಿರು ಪ್ಲೇಟ್, ಹಳದಿ ಅಕ್ಷರ. ಬಿಳಿ ಪ್ಲೇಟ್, ಅಂದರೆ ವೈಟ್ ಬೋರ್ಡ್, ಸ್ವಂತ ಬಳಕೆಯ ಗಾಡಿಗೆ. ವೈಟ್ ಬೋರ್ಡ್ ಓಮ್ನಿಯಲ್ಲಿ ತಿಂಗಳಿಗಿಷ್ಟು ಅಂತ ದುಡ್ಡು ತೆಗೆದುಕೊಂಡು ಮಕ್ಕಳನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಅಷ್ಟೇ ಆಗಿದ್ದರೆ ಡ್ರೈವರ್‌ಗೆ ದಂಡ ಬೀಳುತ್ತದೆ ಬಿಡಿ ಅನ್ನಬಹುದಿತ್ತು. ಆದರೆ ಅಪಘಾತವಾದಾಗ ‘ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದಾರೆ’ ಅಂತ ವಿಮೆ ಕಂಪನಿ ತಕರಾರು ತೆಗೆಯುತ್ತದೆ. ಅದರ ಬಿಸಿ ತಟ್ಟುವುದು ಮಕ್ಕಳ ಮನೆಯವರಿಗೆ.

ಈಗ ಎಂಪರಿವಾಹನ್ ಅನ್ನೋ ಕೇಂದ್ರ ಸರ್ಕಾರದ ಆ್ಯಪ್ ಹಾಕಿಕೊಂಡು ಗಾಡಿ ನಂಬರ್ ಕೊಡಿ. ನೋಡಬೇಕಾದ್ದು ಇವು:

ವಾಹನದ ವರ್ಗ. ಶಾಲೆಯದೇ ಬಸ್ ಆದರೆ ಶಿಕ್ಷಣ ಸಂಸ್ಥೆಯ ಬಸ್ ಅಂತಲೇ ಇರುತ್ತದೆ.

ಎಫ್‌ಸಿ ಎಲ್ಲಿಯವರೆಗೆ ಇದೆ. ಎಫ್‌ಸಿ ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವಾಗಿದೆ ಅಂತ ಕೊಡುವ ಪತ್ರ. ಇಂಥ ಗಾಡಿಗಳಿಗೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು.

ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ. ಜೂನ್‌ನಲ್ಲಿ ಸರಿ ಇದ್ದದ್ದು ಅಕ್ಟೋಬರ್‌ನಲ್ಲಿ ಮುಗಿದಿರುತ್ತದೆ, ಯಾರೂ ನೋಡಿರುವುದಿಲ್ಲ. ದಿನಾಂಕವನ್ನು ಫೋನಿನಲ್ಲೇ ಗುರುತು ಹಾಕಿಟ್ಟುಕೊಳ್ಳಿ.

ಇಂಧನ. ಆರ್‌ಸಿಯಲ್ಲಿ ಬರೀ ಪೆಟ್ರೋಲ್ ಅಂತಿದ್ದು ಒಳಗೆ ಗ್ಯಾಸ್ ವಾಸನೆ ಬಂದರೆ ಅಥವಾ ಸೀಟಿನ ಕೆಳಗೆ ಸಿಲಿಂಡರ್ ಕಂಡರೆ ಆ ಗಾಡಿಗೆ ಮಗುವನ್ನು ಹತ್ತಿಸಬೇಡಿ. ಹಳೇ ವ್ಯಾನುಗಳಿಗೆ ಅಡುಗೆ ಗ್ಯಾಸ್ ತುಂಬಿಸಿ ಓಡಿಸುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಇದರಲ್ಲಿ ಚೌಕಾಸಿ ಇಲ್ಲ.

3. ಗಾಡಿ ಹತ್ತಿ ಒಳಗೆ ನೋಡಿ

ಬೆಳಗ್ಗೆ ಸ್ಟಾಪಿನಲ್ಲಿ ಇದಾಗುವುದಿಲ್ಲ. ಮಧ್ಯಾಹ್ನ ಬಸ್ಸುಗಳೆಲ್ಲ ಶಾಲೆ ಮೈದಾನದಲ್ಲಿ ನಿಂತಿರುತ್ತವೆ, ಆಗ ಹೋಗಿ. 1997ರಲ್ಲಿ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳ ಬಗ್ಗೆ ಸೂಚನೆಗಳನ್ನು ಕೊಟ್ಟಿದೆ, ಇವತ್ತಿಗೂ ಅದೇ ಅಡಿಪಾಯ. ಹಳದಿ ಬಣ್ಣ, ಹಿಂದೆ ಮುಂದೆ ‘ಸ್ಕೂಲ್ ಬಸ್’ ಅಂತ ಬರಹ, ಬಾಡಿಗೆ ಬಸ್ಸಾದರೆ ಶಾಲೆ ಕೆಲಸದ ಮೇಲಿದೆ ಅಂತ ಬೋರ್ಡ್, ಶಾಲೆ ಹೆಸರು ಮತ್ತು ಫೋನ್ ನಂಬರ್, ಕಿಟಕಿಗೆ ಅಡ್ಡ ಸರಳು, ಸರಿಯಾಗಿ ಲಾಕ್ ಆಗುವ ಬಾಗಿಲು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರ್, ಸ್ಪೀಡ್ ಗವರ್ನರ್ (ಗಾಡಿ ಒಂದು ಮಿತಿ ಮೀರಿ ಓಡದಂತೆ ತಡೆಯುವ ಸಾಧನ), ಬ್ಯಾಗ್ ಇಡಲು ಸೀಟಿನ ಕೆಳಗೆ ಜಾಗ, ಜೊತೆಗೊಬ್ಬ ಅಟೆಂಡರ್. ಸಿಬಿಎಸ್‌ಇ 2017ರ ಫೆಬ್ರವರಿಯಲ್ಲಿ ತನ್ನ ಶಾಲೆಗಳಿಗೆ ಇದೇ ಥರದ ಪಟ್ಟಿ ಕಳಿಸಿ ಜಿಪಿಎಸ್, ಸಿಸಿಟಿವಿ, ಗಂಟೆಗೆ 40 ಕಿಲೋಮೀಟರ್ ಮಿತಿ ಇವನ್ನೂ ಹೇಳಿತು.

ಪಟ್ಟಿ ಹಿಡಿದು ‘ಇದೆ, ಇದೆ’ ಅಂತ ಟಿಕ್ ಹಾಕಿ ಬಂದರೆ ಪ್ರಯೋಜನ ಇಲ್ಲ. ಇದ್ದದ್ದು ಕೆಲಸ ಮಾಡುತ್ತದಾ ನೋಡಿ. ಬೆಂಕಿ ಸಿಲಿಂಡರಿನ ಕತ್ತಿನ ಹತ್ತಿರ ಐವತ್ತು ಪೈಸೆ ನಾಣ್ಯದಷ್ಟು ಅಗಲದ ಪುಟ್ಟ ಮೀಟರ್ ಇರುತ್ತದೆ. ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಸರಿ, ಕೆಂಪಿಗೆ ಜಾರಿದ್ದರೆ ಅದು ಬರೀ ಡಬ್ಬ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆರೆಸಿ. ಒಳಗೆ ಊದುಬತ್ತಿ, ಬೆಂಕಿಪೊಟ್ಟಣ, ಹಳೇ ಬಿಲ್ಲುಗಳು ಸಿಗುವುದು ಹೊಸ ವಿಷಯವೇನಲ್ಲ. ಎಮರ್ಜೆನ್ಸಿ ಬಾಗಿಲನ್ನು ಒಳಗಿನಿಂದ ಒಮ್ಮೆ ತೆಗೆದು ತೋರಿಸಲು ಹೇಳಿ. ತುಕ್ಕು ಹಿಡಿದು ಕೂತಿರಬಹುದು, ಇಲ್ಲವೇ ಅದಕ್ಕೆ ಅಡ್ಡವಾಗಿ ಸ್ಟೆಪ್ನಿ ಟೈರೋ ಹೆಚ್ಚುವರಿ ಸೀಟೋ ಇಟ್ಟಿರಬಹುದು. ಟೈರ್ ಮೇಲೆ ಕೈ ಆಡಿಸಿ. ನುಣ್ಣಗಾಗಿದ್ದರೆ ಮಳೆಗಾಲದಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಅದನ್ನು ತಿಳಿಯಲು ಮೆಕ್ಯಾನಿಕ್ ಬೇಕಾಗಿಲ್ಲ.

4. ತಲೆ ಎಣಿಸಿ

ಇದನ್ನು ಖಾಲಿ ಬಸ್ಸಲ್ಲಿ ಎಣಿಸಿ ಆಗುವುದಿಲ್ಲ. ಶಾಲೆ ಶುರುವಾಗಿ ಎರಡು ವಾರ ಆದ ಮೇಲೆ, ಮಳೆ ಬರುವ ಒಂದು ಬೆಳಗ್ಗೆ ನಿಮ್ಮ ಸ್ಟಾಪಿನಲ್ಲಿ ನಿಂತು ನೋಡಿ. ನಡೆದು ಬರುವ ಮಕ್ಕಳೂ ಅವತ್ತು ಗಾಡಿ ಹತ್ತಿರುತ್ತಾರೆ.

ಸುಪ್ರೀಂ ಕೋರ್ಟ್ ಸೂಚನೆ ಪ್ರಕಾರ 12 ವರ್ಷದೊಳಗಿನ ಮಕ್ಕಳಾದರೆ ಸೀಟುಗಳ ಒಂದೂವರೆ ಪಟ್ಟು ಕೂರಿಸಬಹುದು. ಅಂದರೆ 12 ಸೀಟಿನ ಗಾಡಿಯಲ್ಲಿ 18 ಚಿಕ್ಕ ಮಕ್ಕಳು. 12 ದಾಟಿದವರನ್ನು ಪೂರ್ತಿ ಒಬ್ಬರು ಅಂತಲೇ ಲೆಕ್ಕ ಹಾಕಬೇಕು. ಡ್ರೈವರುಗಳು ಮೊದಲನೇ ಅರ್ಧ ಮಾತ್ರ ನೆನಪಿಟ್ಟುಕೊಂಡು ಹೈಸ್ಕೂಲ್ ಹುಡುಗರನ್ನೂ ಅದೇ ಲೆಕ್ಕದಲ್ಲಿ ತುರುಕುತ್ತಾರೆ. ನನ್ನನ್ನು ಕೇಳಿದರೆ ಒಂದೂವರೆ ಪಟ್ಟೂ ಜಾಸ್ತಿಯೇ. ಹತ್ತು ಕೆಜಿ ಬ್ಯಾಗಿನ ಜೊತೆ ಮೂರು ಮಕ್ಕಳು ಇಬ್ಬರ ಸೀಟಲ್ಲಿ ಕೂತರೆ ಅಂಚಿನ ಮಗು ಬ್ರೇಕ್ ಹಾಕಿದಾಗ ಕೆಳಗೇ ಬೀಳುತ್ತದೆ. ಮಗುವಿಗೊಂದು ಸೀಟು ಕೊಡುವ ಶಾಲೆ ಸಿಕ್ಕರೆ ಫೀಸ್ ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳಿ.

ಓಮ್ನಿಯಂಥ ವ್ಯಾನಿನ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. 2016ರ ಜೂನ್‌ನಲ್ಲಿ ಕುಂದಾಪುರ ಹತ್ತಿರದ ತ್ರಾಸಿಯಲ್ಲಿ ಮಕ್ಕಳನ್ನು ಕರೆದೊಯ್ಯುತ್ತಿದ್ದ ಓಮ್ನಿಗೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ಆ ಗಾಡಿಯಲ್ಲಿ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಮಕ್ಕಳಿದ್ದರು. ಇಂಥ ಗಾಡಿಗೆ ಮುಂದೆ ಎಂಜಿನ್ ಇರುವ ಮೂತಿಯೇ ಇಲ್ಲ, ಡಿಕ್ಕಿಯಾದರೆ ಮೊದಲ ಪೆಟ್ಟು ಮುಂದೆ ಕೂತವರ ಮೊಣಕಾಲಿಗೇ. ಡ್ರೈವರ್ ಪಕ್ಕದ ಸೀಟಲ್ಲಿ, ಗೇರ್ ಪಕ್ಕದ ಹಲಗೆ ಮೇಲೆ ಮಗುವನ್ನು ಕೂರಿಸಬೇಡಿ ಅಂತ ಮೊದಲ ದಿನವೇ ಹೇಳಿ. ಆ ಹಲಗೆಯನ್ನೇ ತೆಗೆಸಿದರೆ ಇನ್ನೂ ಒಳ್ಳೆಯದು.

5. ಡ್ರೈವರ್, ಆಯಾ ಮತ್ತು ಬದಲಿ ಡ್ರೈವರ್

ಶಾಲಾ ಬಸ್ ಡ್ರೈವರ್‌ಗೆ ಭಾರಿ ವಾಹನ ಓಡಿಸಿ ಕನಿಷ್ಠ 5 ವರ್ಷದ ಅನುಭವ ಇರಬೇಕು. ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ಸಿಗ್ನಲ್ ಜಂಪ್‌ನಂಥ ತಪ್ಪಿಗೆ ದಂಡ ಬಿದ್ದಿದ್ದರೆ, ಅತಿವೇಗ ಅಥವಾ ಕುಡಿದು ಓಡಿಸಿದ್ದಕ್ಕೆ ಒಂದೇ ಒಂದು ಸಲ ಬಿದ್ದಿದ್ದರೂ ಅವರನ್ನು ಇಟ್ಟುಕೊಳ್ಳುವಂತಿಲ್ಲ. ಶಾಲೆಯವರನ್ನು ಕೇಳಬೇಕಾದ್ದು: ಡಿಎಲ್ ಪ್ರತಿ ಇದೆಯಾ, ಪೊಲೀಸ್ ಪರಿಶೀಲನೆ ಆಗಿದೆಯಾ, ಕಣ್ಣು ಪರೀಕ್ಷೆ ಯಾವಾಗ ಮಾಡಿಸಿದ್ದು. ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ನಿಲ್ಲಿಸಿ ಡ್ರೈವರುಗಳನ್ನು ಊದಿಸಿ ನೋಡುತ್ತಾರೆ, ಕುಡಿದವರು ಸಿಕ್ಕಿಬಿದ್ದಿದ್ದೂ ಇದೆ. ಬೆಳಗ್ಗೆ ಏಳಕ್ಕೆ ಯಾರು ಕುಡೀತಾರೆ ಅಂದುಕೊಳ್ಳಬೇಡಿ, ರಾತ್ರಿಯದ್ದು ಇಳಿದಿರುವುದಿಲ್ಲ.

ಜನ ಮರೆಯುವುದು ಬದಲಿ ಡ್ರೈವರನ್ನು. ಕಾಯಂ ಡ್ರೈವರ್ ಬಗ್ಗೆ ಎಲ್ಲ ದಾಖಲೆ ಇರುತ್ತದೆ. ಅವರು ಊರಿಗೆ ಹೋದ ಮೂರು ದಿನ ಗಾಡಿ ಓಡಿಸಿದವರು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕ್ಲೀನರ್ ಹುಡುಗನೇ ಓಡಿಸಿರಬಹುದು. ಡ್ರೈವರ್ ಬದಲಾದರೆ ಅದೇ ಬೆಳಗ್ಗೆ ಅಪ್ಪ ಅಮ್ಮಂದಿರ ಗುಂಪಿಗೆ ಹೆಸರು, ಫೋಟೋ, ಫೋನ್ ನಂಬರ್ ಬರಬೇಕು. ಇದನ್ನು ಶಾಲೆಯಿಂದ ಬರಹದಲ್ಲಿ ಒಪ್ಪಿಸಿಕೊಳ್ಳಿ.

ಬಸ್ಸಲ್ಲಿ ಆಯಾ ಇಲ್ಲದಿದ್ದರೆ ನರ್ಸರಿ ಮಗುವನ್ನು ಆ ಬಸ್ಸಿಗೆ ಕಳಿಸಬೇಡಿ. ಡ್ರೈವರ್ ಎಷ್ಟೇ ಒಳ್ಳೆಯವರಾಗಿರಲಿ, ಸ್ಟೀರಿಂಗ್ ಬಿಟ್ಟು ಇಳಿದು ಮಗುವಿನ ಕೈ ಹಿಡಿಯಲು ಅವರಿಂದಾಗುವುದಿಲ್ಲ. ಆಯಾ ಇದ್ದರೂ ಒಂದು ನೋಡಿ: ಸ್ಟಾಪ್ ಬಂದಾಗ ಕೆಳಗೆ ಇಳಿಯುತ್ತಾರಾ, ಮೇಲಿಂದಲೇ ಮಗುವನ್ನು ಕೈ ಹಿಡಿದು ಇಳಿಬಿಡುತ್ತಾರಾ? ಇಳಿಯಲೇಬೇಕು. ಬಸ್ ಹಿಂದಕ್ಕೆ ಹೋಗುವಾಗಲೂ ಅವರು ಕೆಳಗಿಳಿದು ಹಿಂದೆ ಮಕ್ಕಳಿಲ್ಲ ಅಂತ ನೋಡಿ ಸಿಳ್ಳೆ ಹಾಕಬೇಕು.

ಇನ್ನು ನಮ್ಮದೇ ತಪ್ಪೊಂದಿದೆ. ಬಸ್ ಐದು ನಿಮಿಷ ತಡವಾದರೆ ಡ್ರೈವರ್‌ಗೆ ಫೋನ್ ಮಾಡುತ್ತೇವೆ, ‘ಅಣ್ಣ, ಎಲ್ಲಿದ್ದೀರಾ?’ ಒಂದು ಬಸ್ಸಿಗೆ ನಲವತ್ತು ಮನೆ. ನಲವತ್ತು ಮನೆಯವರೂ ಓಡುತ್ತಿರುವ ಬಸ್ಸಿನ ಡ್ರೈವರ್ ಕಿವಿಗೆ ಫೋನ್ ಹಿಡಿಸುತ್ತಿದ್ದಾರೆ ಅಂದುಕೊಳ್ಳಿ. ಫೋನ್ ಆಯಾಗೆ ಮಾಡಿ, ಅವರು ಎತ್ತದಿದ್ದರೆ ಶಾಲೆಗೆ ಮಾಡಿ, ಡ್ರೈವರ್‌ಗೆ ಮಾಡಬೇಡಿ.

6. ಸ್ಟಾಪ್, ಹತ್ತುವುದು, ಇಳಿಯುವುದು

ಸ್ಟಾಪ್ ನಿಮ್ಮ ಮನೆ ಇರುವ ಪಕ್ಕಕ್ಕೇ ಇರಲಿ, ರಸ್ತೆಯ ಆಚೆ ಬೇಡ. ಬೆಳಗ್ಗೆ ಹೋಗುವ ದಿಕ್ಕಿಗೆ ಮನೆ ಪಕ್ಕ ನಿಲ್ಲುವ ಬಸ್ ಸಂಜೆ ವಾಪಸ್ ಬರುವಾಗ ಎದುರು ಪಕ್ಕ ನಿಲ್ಲುತ್ತದೆ ಅನ್ನುವುದು ಮೊದಲ ದಿನ ಸಂಜೆಯೇ ಹೊಳೆಯುವುದು. ದೊಡ್ಡ ರಸ್ತೆಯಾದರೆ ರೂಟನ್ನೇ ಸ್ವಲ್ಪ ಸುತ್ತಿಸಿ ಎರಡು ಹೊತ್ತೂ ಮನೆ ಪಕ್ಕ ನಿಲ್ಲುವಂತೆ ಕೇಳಿ. ಆಗದಿದ್ದರೆ ಸಂಜೆ ದೊಡ್ಡವರೊಬ್ಬರು ಬಸ್ ನಿಲ್ಲುವ ಪಕ್ಕದಲ್ಲೇ ಕಾಯಬೇಕು. ಈ ಪಕ್ಕದಲ್ಲಿ ನಿಂತು ‘ಬಾ ಪುಟ್ಟಾ’ ಅಂತ ಕೈ ಬೀಸಿ ಕರೆಯಬೇಡಿ. ಅಮ್ಮನನ್ನೋ ಅಜ್ಜನನ್ನೋ ಕಂಡ ಮಗು ಎಡಬಲ ನೋಡದೆ ಓಡಿಬರುತ್ತದೆ.

ನಮ್ಮ ರಸ್ತೆಗಳಲ್ಲಿ ಶಾಲಾ ಬಸ್ ನಿಂತರೆ ಹಿಂದಿನ ಗಾಡಿಗಳು ನಿಲ್ಲುವುದಿಲ್ಲ. ಪಕ್ಕದಿಂದ ನುಗ್ಗುತ್ತವೆ, ಬೈಕುಗಳಂತೂ ಎಡಗಡೆ ಬಾಗಿಲ ಪಕ್ಕದಿಂದಲೂ ತೂರುತ್ತವೆ. ಹಾಗಾಗಿ ಮಗುವಿಗೆ ಕಲಿಸುವ ಪಾಠ ಇಲ್ಲಿನ ರಸ್ತೆಗೆ ಹೊಂದಬೇಕು:

ಬಸ್ ಪೂರ್ತಿ ನಿಲ್ಲುವವರೆಗೆ ಸೀಟು ಬಿಟ್ಟು ಏಳಬಾರದು. ಕಾಯುವಾಗ ರಸ್ತೆ ಅಂಚಿನಿಂದ ಮೂರು ದೊಡ್ಡ ಹೆಜ್ಜೆ ಹಿಂದೆ ನಿಲ್ಲಬೇಕು.

ಕೊನೇ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು ಎಡಗಡೆ ಹಿಂದಕ್ಕೆ ನೋಡಬೇಕು, ಬೈಕ್ ಬರುತ್ತಿದೆಯಾ ಅಂತ. ಆಮೇಲೇ ಕಾಲು ಕೆಳಗೆ.

ಇಳಿದ ಮೇಲೆ ಬಸ್ಸಿನ ಮುಂದಿನಿಂದಲೂ ದಾಟಬಾರದು, ಹಿಂದಿನಿಂದಲೂ ದಾಟಬಾರದು. ಬಸ್ ಹೋಗಲಿ, ರಸ್ತೆ ಎರಡೂ ಕಡೆ ಕಾಣಲಿ, ಆಮೇಲೆ ದೊಡ್ಡವರ ಕೈ ಹಿಡಿದು ದಾಟಬೇಕು.

ಏನಾದರೂ ಬಸ್ಸಿನಡಿ ಬಿದ್ದರೆ ಬಗ್ಗಿ ಎತ್ತಬಾರದು. ಬಾಟಲಿ ಇರಲಿ, ಹೊಸ ಜಾಮಿಟ್ರಿ ಬಾಕ್ಸೇ ಇರಲಿ, ಆಯಾಗೆ ಹೇಳಬೇಕು.

ಈ ಕೊನೆಯದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ನಾಟುವುದಿಲ್ಲ. ನಿಂತ ಬಸ್ಸಿನ ಡ್ರೈವರ್ ಸೀಟಲ್ಲಿ ಮಗುವನ್ನು ಕೂರಿಸಿ, ಡ್ರೈವರ್ ಒಪ್ಪಿದರೆ, ನೀವು ಮುಂದಿನ ಬಂಪರ್ ಹತ್ತಿರ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ‘ಅಪ್ಪ ಕಾಣ್ತಿದಾರಾ?’ ಅಂತ ಕೇಳಿಸಿ. ಕಾಣುವುದಿಲ್ಲ. ಮುಂದಿನ ಎಡ ಚಕ್ರದ ಹತ್ತಿರ ಹೋಗಿ ಕೂತರೂ ಕಾಣುವುದಿಲ್ಲ. ಅಪ್ಪನೇ ಕಾಣದ ಜಾಗದಲ್ಲಿ ತಾನು ಹೇಗೆ ಕಾಣುತ್ತೇನೆ ಅಂತ ಮಗುವಿಗೆ ತಾನಾಗಿಯೇ ಅರ್ಥವಾಗುತ್ತದೆ.

ಬಟ್ಟೆ ಬರೆ ಕಡೆಗೂ ಗಮನ ಇರಲಿ. ಬ್ಯಾಗಿನ ಉದ್ದ ಪಟ್ಟಿ, ಕೊರಳಿನ ಐಡಿ ಕಾರ್ಡ್ ದಾರ, ದುಪ್ಪಟ್ಟಾದ ತುದಿ, ಮಳೆಗಾಲದಲ್ಲಿ ರೇನ್‌ಕೋಟಿನ ಅಂಚು ಬಾಗಿಲಿಗೋ ಹಿಡಿಗೋ ಸಿಕ್ಕಿಕೊಂಡರೆ ಬಸ್ ಮಗುವನ್ನು ಎಳೆದುಕೊಂಡು ಹೋಗುತ್ತದೆ. ಪಟ್ಟಿ ಕತ್ತರಿಸಿ ಹೊಲಿಸಿ, ಐಡಿ ಕಾರ್ಡನ್ನು ಅಂಗಿ ಜೇಬಿಗೆ ಸಿಕ್ಕಿಸಿ. ಹತ್ತಿಸುವಾಗ ಬ್ಯಾಗ್ ಹೆಗಲಿಂದ ತೆಗೆದು ಕೈಗೆ ಕೊಡಿ.

7. ಮಗು ಕೈಯಿಂದ ಕೈಗೆ ಹೋಗುವ ಹೊತ್ತು

ಬೆಳಗ್ಗೆ ಹತ್ತಿದ ಮಗು ತರಗತಿಗೆ ಹೋಯಿತಾ? ಇದನ್ನು ಯಾರು ನೋಡುತ್ತಾರೆ? ಹೆಚ್ಚಿನ ಕಡೆ ‘ಎಲ್ಲರೂ’ ಅನ್ನುತ್ತಾರೆ, ಅಂದರೆ ಯಾರೂ ಇಲ್ಲ ಅಂತ. 2022ರ ಸೆಪ್ಟೆಂಬರ್‌ನಲ್ಲಿ ಕತಾರ್‌ನಲ್ಲಿ ಕೇರಳ ಮೂಲದ ನಾಲ್ಕು ವರ್ಷದ ಹುಡುಗಿ ಶಾಲಾ ಬಸ್ಸಲ್ಲಿ ನಿದ್ದೆ ಹೋಗಿದ್ದಳು. ನೋಡದೆ ಬಸ್ ಮುಚ್ಚಿ ಹೋದರು. ಬಿಸಿಲಿಗೆ ಕಾದ ಬಸ್ಸಿನೊಳಗೆ ಮಗು ಉಳಿಯಲಿಲ್ಲ. ನಮ್ಮಲ್ಲೂ ರಾಯಚೂರು, ಕಲಬುರಗಿ ಕಡೆ ಜೂನ್ ಬಿಸಿಲು ಕಡಿಮೆ ಇರುವುದಿಲ್ಲ.

ಹಾಗಾಗಿ ಶಾಲೆಯನ್ನು ಎರಡು ವಿಷಯ ಕೇಳಿ. ಟ್ರಿಪ್ ಮುಗಿದ ಮೇಲೆ ಆಯಾ ಕೊನೇ ಸೀಟಿನವರೆಗೆ ನಡೆದು, ಸೀಟಿನ ಕೆಳಗೂ ಬಗ್ಗಿ ನೋಡಿ, ಪುಸ್ತಕದಲ್ಲಿ ಸಹಿ ಹಾಕುತ್ತಾರಾ? ಬಸ್ ಹತ್ತಿದ ಮಗು ತರಗತಿಯಲ್ಲಿ ಇಲ್ಲದಿದ್ದರೆ ಮೊದಲನೇ ಪಿರಿಯಡ್ ಮುಗಿಯುವುದರೊಳಗೆ ಮನೆಗೆ ಫೋನ್ ಬರುತ್ತದಾ? ನಿಮ್ಮ ಕಡೆಯಿಂದಲೂ, ರಜೆ ಹಾಕಿದ ದಿನ ತಪ್ಪದೆ ತಿಳಿಸಿ. ಇಲ್ಲದಿದ್ದರೆ ಗೈರುಹಾಜರಿಗೆ ಅರ್ಥವೇ ಇರುವುದಿಲ್ಲ.

ಸಂಜೆ ಯಾರ ಕೈಗೆ ಮಗುವನ್ನು ಕೊಡಬೇಕು ಅಂತ ಎರಡು ಮೂರು ಹೆಸರು, ಫೋಟೋ ಕೊಟ್ಟಿಡಿ. ಅವರು ಯಾರೂ ಸ್ಟಾಪಿನಲ್ಲಿ ಇಲ್ಲದಿದ್ದರೆ ಮಗುವನ್ನು ಇಳಿಸದೆ ಶಾಲೆಗೆ ವಾಪಸ್ ಕರೆದೊಯ್ಯಬೇಕು. ‘ಪಕ್ಕದ ಅಂಗಡಿಯವರ ಹತ್ತಿರ ಬಿಟ್ಟು ಹೋಗಿ’ ಅಂತ ಫೋನಿನಲ್ಲಿ ಹೇಳಿ ನೀವೇ ಈ ಪದ್ಧತಿ ಕೆಡಿಸಬೇಡಿ.

ಕರಾವಳಿ, ಮಲೆನಾಡು, ಕೊಡಗಿನವರಿಗೆ ಇನ್ನೊಂದು. ಜೋರು ಮಳೆಗೆ ರಜೆ ಘೋಷಣೆ ಬೆಳಗ್ಗೆ ಬರುವ ದಿನಗಳಿವೆ. ಅಷ್ಟು ಹೊತ್ತಿಗೆ ದೂರದ ರೂಟಿನ ಬಸ್ ಅರ್ಧ ಮಕ್ಕಳನ್ನು ಹತ್ತಿಸಿಕೊಂಡಿರುತ್ತದೆ. ವಾಪಸ್ ಬಿಟ್ಟರೆ ಮನೆಗೆ ಬೀಗ, ಅಪ್ಪ ಅಮ್ಮ ಕೆಲಸಕ್ಕೆ ಹೊರಟಿರುತ್ತಾರೆ. ಅಂಥ ದಿನ ಮಗು ಯಾರ ಮನೆಗೆ ಹೋಗಬೇಕು ಅಂತ ಮೊದಲೇ ಮಾತಾಡಿ ಬಸ್ಸಿನವರಿಗೂ ತಿಳಿಸಿಡಿ. ರಸ್ತೆ ಅಥವಾ ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ಕಡಿಮೆ ಕಂಡರೂ ಬಸ್ ದಾಟಿಸಬಾರದು ಅನ್ನುವುದನ್ನೂ ಡ್ರೈವರ್ ಜೊತೆ ಮಳೆಗಾಲಕ್ಕೆ ಮೊದಲೇ ಖಡಾಖಂಡಿತ ಮಾಡಿಕೊಳ್ಳಿ. ‘ತಡವಾದರೆ ಬೈತಾರೆ’ ಅನ್ನೋ ಭಯದಿಂದಲೇ ಎಷ್ಟೋ ಜನ ನುಗ್ಗಿಸುವುದು.

ಜಿಪಿಎಸ್ ಆ್ಯಪಿನ ಲಿಂಕನ್ನು, ಬಸ್ ಬರುವ ಸಮಯವನ್ನು ಅಪಾರ್ಟ್‌ಮೆಂಟಿನ ದೊಡ್ಡ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮಗು ಎಷ್ಟು ಹೊತ್ತಿಗೆ ಎಲ್ಲಿ ಇರುತ್ತದೆ ಅಂತ ಇನ್ನೂರು ಜನಕ್ಕೆ ಗೊತ್ತಾಗಬೇಕಾಗಿಲ್ಲ.

8. ಸರ್ಕಾರಿ ಬಸ್ಸಲ್ಲಿ ಹೋಗುವ ಮಕ್ಕಳು

ಹಳ್ಳಿಗಳಲ್ಲಿ ಹೈಸ್ಕೂಲ್, ಪಿಯು ಮಕ್ಕಳ ಸ್ಕೂಲ್ ಬಸ್ ಅಂದರೆ ಕೆಂಪು ಬಸ್ಸೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಅದು ಓದುವ ಹುಡುಗಿಯರಿಗೆ ದೊಡ್ಡ ಅನುಕೂಲ. ಆದರೆ ಬೆಳಗ್ಗೆ ಎಂಟೂವರೆಯ ಬಸ್ಸು ಒಂದೇ ಇದ್ದ ಕಡೆ ಬಾಗಿಲಲ್ಲಿ ಜೋತು ಬೀಳುವುದು ತಪ್ಪಿಲ್ಲ. ಹುಡುಗರಿಗೆ ‘ಫುಟ್‌ಬೋರ್ಡಲ್ಲಿ ನಿಲ್ಲಬೇಡ’ ಅಂತ ಬೈದು ಪ್ರಯೋಜನ ಇಲ್ಲ, ಒಳಗೆ ಜಾಗ ಇದ್ದರೆ ತಾನೇ?

ಆಗಬೇಕಾದ್ದು ಇನ್ನೊಂದು ಟ್ರಿಪ್. ಅದಕ್ಕೆ ದಾರಿ ಇದೆ. ಯಾವ ಊರಿಂದ ಎಷ್ಟು ವಿದ್ಯಾರ್ಥಿಗಳು, ಶಾಲೆ ಎಷ್ಟು ಹೊತ್ತಿಗೆ ಶುರು, ಈಗಿನ ಬಸ್ ಎಷ್ಟಕ್ಕೆ ಬರುತ್ತದೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯ ಸಹಿ ಹಾಕಿಸಿ ಡಿಪೊ ಮ್ಯಾನೇಜರ್‌ಗೆ ಕೊಟ್ಟು, ತಲುಪಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ಬರೀ ‘ಬಸ್ ಇಲ್ಲ’ ಅನ್ನುವ ಮನವಿಗಿಂತ ಲೆಕ್ಕ ಇರುವ ಮನವಿಗೆ ಬೆಲೆ ಜಾಸ್ತಿ. ಬಸ್ ಹೆಚ್ಚಿಸಲು ಆಗದಿದ್ದರೂ ಸಮಯ ಹದಿನೈದು ನಿಮಿಷ ಹಿಂದೆ ಮುಂದೆ ಮಾಡಿದರೆ ಸಾಕಾಗುವ ಊರುಗಳಿವೆ.

9. ಏನಾದರೂ ಸರಿ ಇಲ್ಲ ಅನ್ನಿಸಿದರೆ

ಮಗು ಇದ್ದಕ್ಕಿದ್ದಂತೆ ‘ಆ ಬಸ್ಸಲ್ಲಿ ಹೋಗಲ್ಲ’ ಅಂದರೆ ಹಟ ಅಂತ ತಳ್ಳಿಹಾಕಬೇಡಿ. ಯಾರ ಪಕ್ಕ ಕೂತಿದ್ದೆ, ಯಾರು ಬೈದರು, ಯಾರು ಮುಟ್ಟಿದರು ಅಂತ ಸಮಾಧಾನವಾಗಿ ಕೇಳಿ. ಒಂದೇ ಸಲಕ್ಕೆ ಎಲ್ಲವೂ ಹೊರಗೆ ಬರುವುದಿಲ್ಲ. ಕೆಟ್ಟ ಸ್ಪರ್ಶದ ವಿಷಯವಾದರೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ‘ಶಾಲೆ ಹೆಸರು ಹಾಳಾಗುತ್ತೆ, ಒಳಗೊಳಗೇ ಮುಗಿಸೋಣ’ ಅಂತ ಯಾರಾದರೂ ಹೇಳಿದರೆ ಅವರು ಕಾನೂನು ಮುರಿಯಲು ಹೇಳುತ್ತಿದ್ದಾರೆ.

ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಆಂಬುಲೆನ್ಸಿಗೆ 108. ಮೂರನ್ನೂ ಮಗುವಿನ ಡೈರಿಯ ಮೊದಲ ಪುಟದಲ್ಲಿ ನಿಮ್ಮ ನಂಬರಿನ ಜೊತೆ ಬರೆದಿಡಿ.

ಅತಿವೇಗ, ತುಂಬಿಸುವುದು, ಎಫ್‌ಸಿ ಮುಗಿದಿರುವುದು ಇಂಥವಕ್ಕೆ ಮೊದಲು ಶಾಲೆಗೆ ಬರೆದು ಕೊಡಿ. ಬಾಯಿಮಾತಿನ ದೂರು ಗೇಟು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ದಿನಾಂಕ, ಸಮಯ, ಗಾಡಿ ನಂಬರ್, ಕಂಡದ್ದು ಇಷ್ಟೇ ಬರೆಯಿರಿ. ‘ನಿಮ್ಮ ಬೇಜವಾಬ್ದಾರಿತನ’ ಅಂತೆಲ್ಲ ಬರೆದರೆ ಉತ್ತರ ಆ ಪದಕ್ಕೇ ಬರುತ್ತದೆ. ಒಂದು ವಾರದಲ್ಲಿ ಸರಿಹೋಗದಿದ್ದರೆ ಅದೇ ಪತ್ರದ ಪ್ರತಿ ಜೊತೆ ಆರ್‌ಟಿಓ ಕಚೇರಿಗೆ, ಬಿಇಓ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ. ಒಬ್ಬರೇ ಹೋದರೆ ನಿಮ್ಮ ಮಗುವಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೇನೋ ಅನ್ನುವ ಅಳುಕಿದ್ದರೆ ಅದೇ ಬಸ್ಸಿನ ಇನ್ನೂ ನಾಲ್ಕು ಮನೆಯವರ ಸಹಿ ಹಾಕಿಸಿ. ಡ್ರೈವರ್ ಕುಡಿದಿದ್ದಾರೆ ಅನ್ನಿಸಿದರೆ ಮಾತ್ರ ಪತ್ರ, ವಾರ ಎಲ್ಲ ಬೇಡ. ಮಗುವನ್ನು ಹತ್ತಿಸಬೇಡಿ, ಬೇರೆ ಮಕ್ಕಳನ್ನೂ ಇಳಿಸಿಕೊಳ್ಳಿ, ನಿಂತಲ್ಲಿಂದಲೇ 112ಕ್ಕೆ ಫೋನ್ ಮಾಡಿ.